ಮೊದಲ ಟಾಪ್‌ಗೆ ಕಟಿಂಗ್ ಹೇಗೆ? ಅಳತೆ ಬಟ್ಟೆ, ರೆಡಿ ಪ್ಯಾಟರ್ನ್, ಡ್ರಾಫ್ಟಿಂಗ್: ಒಂದು ಹೋಲಿಕೆ

ಹೊಲಿಗೆ ಕಲಿಯಲು ಕೂತವರು ಮೊದಲು ಹೆದರುವುದು ಮಿಷನ್ನಿಗೆ. ಮಿಷನ್ ಅಷ್ಟೇನೂ ಕಾಡಿಸುವುದಿಲ್ಲ. ಚೂರು ಬಟ್ಟೆಗಳ ಮೇಲೆ ನೇರ ಗೆರೆ, ತಿರುವು, ಮೂಲೆ ಹೊಲಿಯುತ್ತಾ ಹೋದರೆ ಕೈ ತಾನಾಗಿ ಪಳಗುತ್ತದೆ. ಮೊದಲ ಬಟ್ಟೆ ಕೆಡುವುದು ಕತ್ತರಿಯಿಂದ. ಹೊಲಿಗೆ ಸೊಟ್ಟಗಾದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಆಳವಾಗಿ ಕತ್ತರಿಸಿದ ಆರ್ಮ್‌ಹೋಲನ್ನು, ಅಂದರೆ ತೋಳು ಕೂಡಿಸುವ ತಿರುವನ್ನು, ಯಾವ ಹೊಲಿಗೆಯೂ ತುಂಬಿಕೊಡುವುದಿಲ್ಲ. ಹಾಗಾಗಿ ಯಾವ ಮಿಷನ್ ಕೊಳ್ಳಲಿ ಎಂದು ತಲೆ ಕೆಡಿಸಿಕೊಳ್ಳುವ ಮೊದಲು ಕತ್ತರಿಸುವ ಗೆರೆಯನ್ನು ಎಲ್ಲಿಂದ ತರಲಿ ಎಂದು ಯೋಚಿಸುವುದು ಒಳ್ಳೆಯದು.

ಅದಕ್ಕೆ ಮೂರು ದಾರಿಗಳಿವೆ. ಮೈಗೆ ಸರಿಯಾಗಿ ಕೂರುವ ಹಳೆಯ ಬಟ್ಟೆಯಿಂದ ಗೆರೆ ತೆಗೆಯುವುದು, ಬಟ್ಟೆಯ ತುಂಡುಗಳ ಆಕಾರ ಕಾಗದದ ಮೇಲೆ ಅಚ್ಚಾಗಿ ಬರುವ ರೆಡಿ ಪ್ಯಾಟರ್ನ್ ಬಳಸುವುದು, ಅಳತೆ ತೆಗೆದುಕೊಂಡು ಕಾಗದದ ಮೇಲೆ ನಾವೇ ಡ್ರಾಫ್ಟ್ ಮಾಡುವುದು. ಈ ಮೂರನ್ನೂ ಒಂದೇ ಬಗೆಯ ಟಾಪ್ ಮೇಲೆ ಹೋಲಿಸಿ ನೋಡಿದ್ದೇವೆ. ದುಂಡು ಕುತ್ತಿಗೆ, ಅರ್ಧ ತೋಳು, ಜಿಪ್ ಇಲ್ಲದೆ ತಲೆಯಿಂದ ಹಾಕಿಕೊಳ್ಳುವ ಟಾಪ್. ಬಟ್ಟೆ ಮಧ್ಯಮ ದಪ್ಪದ ಹತ್ತಿ ಪಾಪ್ಲಿನ್, ಮೊದಲೇ ಒಗೆದು ಒಣಗಿಸಿ ಇಸ್ತ್ರಿ ಮಾಡಿದ್ದು. 90/14 ಸೂಜಿ, ಪಾಲಿಯೆಸ್ಟರ್ ದಾರ, 2.5 ಮಿ.ಮೀ. ಹೊಲಿಗೆ. ಇವಿಷ್ಟೂ ಮೂರರಲ್ಲೂ ಒಂದೇ, ಬದಲಾದದ್ದು ಗೆರೆಯ ಮೂಲ ಮಾತ್ರ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಮೊದಲ ಟಾಪ್‌ಗೆ ಅಳತೆ ಬಟ್ಟೆಯೇ ಸರಿ. ಹೊಲಿಗೆಯ ಕ್ರಮ ಕಲಿಸುವುದರಲ್ಲಿ ರೆಡಿ ಪ್ಯಾಟರ್ನ್ ಮುಂದು. ಡ್ರಾಫ್ಟಿಂಗ್ ಕಲಿಯಲೇಬೇಕು, ಆದರೆ ಮೊದಲ ದಿನವೇ ಅಲ್ಲ.

ಅಳತೆ ಬಟ್ಟೆಯಿಂದ ಗೆರೆ

ಯಾವ ಬಟ್ಟೆಯನ್ನು ಆರಿಸುತ್ತೀರಿ ಎನ್ನುವುದರಲ್ಲೇ ಅರ್ಧ ಕೆಲಸವಿದೆ. ಅದು ಹಿಗ್ಗದ, ನೇಯ್ದ ಬಟ್ಟೆಯದಾಗಿರಬೇಕು. ಎಲಾಸ್ಟಿಕ್, ನೆರಿಗೆ, ಡಾರ್ಟ್ (ಮೈಯ ಆಕಾರಕ್ಕೆಂದು ಹೊಲಿದ ಚೂಪು ಮಡಿಕೆ) ಇರಬಾರದು. ಟೀ ಶರ್ಟ್ ಎಷ್ಟೇ ಚೆನ್ನಾಗಿ ಕೂತರೂ ಅದರಿಂದ ಗೆರೆ ತೆಗೆದು ಪಾಪ್ಲಿನ್ ಕತ್ತರಿಸಬೇಡಿ. ಟೀ ಶರ್ಟ್ ಮೈಗೆ ಕೂರುವುದು ಹಿಗ್ಗುವುದರಿಂದ. ಪಾಪ್ಲಿನ್ ಹಿಗ್ಗುವುದಿಲ್ಲ, ಭುಜ ದಾಟಿ ಕೆಳಗಿಳಿಯುವುದೇ ಇಲ್ಲ. ಅನುಮಾನವಿದ್ದರೆ ಬಟ್ಟೆಯನ್ನು ಹಾಸಿ ಒಂದು ಕಂಕುಳಿಂದ ಇನ್ನೊಂದಕ್ಕೆ ಅಳೆದು ಎರಡರಿಂದ ಗುಣಿಸಿ, ನಿಮ್ಮ ಎದೆ ಸುತ್ತಳತೆ ಕಳೆಯಿರಿ. ಉಳಿದದ್ದು 3 ಇಂಚಿಗಿಂತ ಕಡಿಮೆಯಾದರೆ ಆ ಬಟ್ಟೆ ಈ ಕೆಲಸಕ್ಕೆ ಬೇಡ.

ಬಟ್ಟೆಗೆ ಇಸ್ತ್ರಿ ಹಾಕಿ, ಎರಡು ಭುಜದ ಹೊಲಿಗೆಗಳು ಮತ್ತು ಎರಡು ಪಕ್ಕದ ಹೊಲಿಗೆಗಳು ಒಂದರ ಮೇಲೊಂದು ಬರುವಂತೆ ನಡುವೆ ಉದ್ದಕ್ಕೆ ಮಡಚಿ. ದಪ್ಪ ರಟ್ಟಿನ ಮೇಲೆ ಬ್ರೌನ್ ಪೇಪರ್ ಹಾಸಿ, ಪೇಪರಿನ ನೇರ ಅಂಚಿಗೆ ಈ ಮಡಿಕೆಯನ್ನು ಕೂಡಿಸಿ. ಈಗ ಹೊಲಿಗೆಯ ಗೆರೆಯ ಮೇಲೆಯೇ ಗುಂಡುಸೂಜಿ ಚುಚ್ಚುತ್ತಾ ಹೋಗಿ, ಸೂಜಿ ಪೇಪರ್ ದಾಟಿ ರಟ್ಟಿಗೆ ಇಳಿಯಬೇಕು. ನೇರ ಜಾಗದಲ್ಲಿ 3 ಇಂಚಿಗೊಂದು ಸಾಕು, ತಿರುವಿನಲ್ಲಿ ಅರ್ಧ ಇಂಚಿಗೊಂದು ಬೇಕು. ಬಟ್ಟೆ ತೆಗೆದು ತೂತುಗಳನ್ನು ಸೇರಿಸಿದರೆ ಅದೇ ಹೊಲಿಗೆಯ ಗೆರೆ.

ಆರ್ಮ್‌ಹೋಲ್ ಬಳಿ ಬಂದಾಗ ನಿಧಾನ ಮಾಡಿ. ತೋಳು ಕೂಡಿಸಿದ ಬಟ್ಟೆ ಅಲ್ಲಿ ಒಮ್ಮೆಗೇ ಚಪ್ಪಟೆಯಾಗಿ ಮಲಗುವುದಿಲ್ಲ. ಮೇಲಿನ ಅರ್ಧವನ್ನು, ಅಂದರೆ ಭುಜದಿಂದ ಕೆಳಕ್ಕೆ ಸುಮಾರು 4 ಇಂಚನ್ನು ಮೊದಲು ಸಮ ಮಾಡಿ ಚುಚ್ಚಿ. ಆ ಸೂಜಿಗಳನ್ನು ಹಾಗೇ ಬಿಟ್ಟು ತೋಳನ್ನು ಮೇಲಕ್ಕೆತ್ತಿ ಪಕ್ಕಕ್ಕೆ ಸರಿಸಿ, ಕಂಕುಳ ಕಡೆಯ ತಿರುವು ಸುಕ್ಕಿಲ್ಲದೆ ಮಲಗಿದ ಮೇಲೆ ಕೆಳಗಿನ ಅರ್ಧ ಚುಚ್ಚಿ. ಎಳೆದು ಮಲಗಿಸಿದರೆ ತಿರುವು ನೇರವಾಗುತ್ತದೆ, ಮುಂದೆ ತೋಳು ಕೂಡಿಸುವಾಗ ಕಂಕುಳಲ್ಲಿ ಬಟ್ಟೆ ಗಂಟು ಕಟ್ಟುತ್ತದೆ. ಮುಂಭಾಗ, ಹಿಂಭಾಗ, ತೋಳುಗಳಿಗೆ ಬೇರೆ ಬೇರೆ ಪೇಪರ್ ಇರಲಿ. ಮುಂಭಾಗದ ಆರ್ಮ್‌ಹೋಲ್ ಹಿಂಭಾಗಕ್ಕಿಂತ ಅರ್ಧ ಇಂಚಿನಷ್ಟು ಒಳಕ್ಕೆ ಕೊರೆದಿರುತ್ತದೆ, ಕುತ್ತಿಗೆಯಂತೂ ಬೇರೆಯೇ. ಎರಡಕ್ಕೂ ಒಂದೇ ಗೆರೆ ಬಳಸಿದರೆ ಮುಂದೆ ತೋಳಿನ ಬುಡದಲ್ಲಿ ಬಟ್ಟೆ ಉಬ್ಬಿಕೊಳ್ಳುತ್ತದೆ.

ಗೆರೆ ಮುಗಿದ ಮೇಲೆ ಒಂದು ತಾಳೆ ನೋಡಲೇಬೇಕು. ಮುಂದಿನ ಭುಜ ಹಿಂದಿನ ಭುಜಕ್ಕೆ ಸಮ ಇದೆಯೇ, ಎರಡೂ ಪಕ್ಕದ ಗೆರೆಗಳು ಸಮವೇ? ಟೇಪನ್ನು ನಿಲ್ಲಿಸಿ ಹಿಡಿದು ಮುಂದಿನ ಮತ್ತು ಹಿಂದಿನ ಆರ್ಮ್‌ಹೋಲ್ ಅಳೆದು ಕೂಡಿಸಿ, ತೋಳಿನ ಮೇಲಿನ ಬಾಗಿದ ಗೆರೆಯನ್ನೂ ಅಳೆಯಿರಿ. ತೋಳಿನದು ಅರ್ಧದಿಂದ 1 ಇಂಚು ಹೆಚ್ಚಿರಲಿ. ಒಂದೂವರೆ ಇಂಚು ದಾಟಿದರೆ ಪಾಪ್ಲಿನ್‌ನಂಥ ಬಿಗಿ ನೇಯ್ಗೆಯಲ್ಲಿ ಕಲಿಯುವವರ ಕೈಗೆ ಸುಕ್ಕು ತಪ್ಪಿದ್ದಲ್ಲ.

ಈ ದಾರಿಯಲ್ಲಿ ಎಲ್ಲರೂ ಎಡವುವ ಜಾಗ ಮಾರ್ಜಿನ್, ಅಂದರೆ ಹೊಲಿಗೆಯ ಗೆರೆಯಾಚೆ ಬಿಡುವ ಬಟ್ಟೆ. ಸೂಜಿ ತೂತುಗಳು ಕೊಟ್ಟದ್ದು ಹೊಲಿಗೆಯ ಗೆರೆಯೇ ಹೊರತು ಕತ್ತರಿಸುವ ಗೆರೆಯಲ್ಲ. ಅದರ ಮೇಲೆಯೇ ಕತ್ತರಿಸಿ ಅರ್ಧ ಇಂಚು ಒಳಗೆ ಹೊಲಿದರೆ, ಎರಡು ಪಕ್ಕಕ್ಕೆ ನಾಲ್ಕು ಅಂಚುಗಳಂತೆ, ಎದೆಯ ಸುತ್ತಿನಲ್ಲಿ 2 ಇಂಚು ಹೋಯಿತು. ಪಕ್ಕಕ್ಕೆ 1 ಇಂಚು, ಭುಜ ಮತ್ತು ಆರ್ಮ್‌ಹೋಲ್‌ಗೆ ಅರ್ಧ, ಕುತ್ತಿಗೆಗೆ ಕಾಲು, ಕೆಳಗಿನ ಮಡಿಕೆಗೆ ಒಂದೂವರೆ ಇಂಚು ಬಿಡಿ. ಪಕ್ಕದಲ್ಲಿ ಒಂದು ಇಂಚು ಇದ್ದರೆ ಟ್ರಯಲ್ ನೋಡಿದ ಮೇಲೆ ಬಿಚ್ಚಿ ಬಿಡಿಸಿಕೊಳ್ಳಲು ಜಾಗವಿರುತ್ತದೆ.

ಇನ್ನೊಂದು ಕೊರತೆಯೂ ಇದೆ. ಹಳೆಯ ಬಟ್ಟೆಯ ಕುತ್ತಿಗೆ ಒಗೆದು ಒಗೆದು ಹಿಗ್ಗಿರುತ್ತದೆ, ಆ ಹಿಗ್ಗೂ ನಿಮ್ಮ ಗೆರೆಗೆ ಬರುತ್ತದೆ. ಕುತ್ತಿಗೆಯನ್ನು ಮಾತ್ರ ಅರ್ಧ ಇಂಚು ಚಿಕ್ಕದಾಗಿ ಬರೆದುಕೊಳ್ಳಿ. ಚಿಕ್ಕದನ್ನು ದೊಡ್ಡದು ಮಾಡುವುದು ಕಷ್ಟವಲ್ಲ.

ರೆಡಿ ಪ್ಯಾಟರ್ನ್

ಬೇರೆ ಬೇರೆ ಸೈಜಿನ ಕಾಗದದ ಪ್ಯಾಟರ್ನ್ ಹೊಸದೇನಲ್ಲ, 1863ರಲ್ಲಿ ಅಮೆರಿಕದ ದರ್ಜಿ ಬಟರಿಕ್ ಅದನ್ನು ಮಾರುಕಟ್ಟೆಗೆ ತಂದ. ಈಗ ಪಿಡಿಎಫ್ ರೂಪದಲ್ಲೂ ಸಿಗುತ್ತವೆ. ಮೊದಲ ಎಡವಟ್ಟು ಆಗುವುದು ಅಲ್ಲೇ. ಪ್ರಿಂಟ್ ಮಾಡುವಾಗ 'ಪುಟಕ್ಕೆ ಹೊಂದಿಸು' ಎನ್ನುವ ಆಯ್ಕೆ ಉಳಿದುಬಿಟ್ಟರೆ ಇಡೀ ಪ್ಯಾಟರ್ನ್ ಕುಗ್ಗುತ್ತದೆ. 97 ಶೇಕಡಾಕ್ಕೆ ಇಳಿದರೂ 40 ಇಂಚಿನ ಎದೆಯಲ್ಲಿ ಒಂದು ಇಂಚಿಗಿಂತ ಹೆಚ್ಚು ಮಾಯ. ಪರೀಕ್ಷೆಗೆಂದೇ ಕೊಟ್ಟಿರುವ ಚೌಕ ಇರುವ ಹಾಳೆಯನ್ನು ಮಾತ್ರ ಮೊದಲು ಪ್ರಿಂಟ್ ಮಾಡಿ, ಸ್ಕೇಲಿನಿಂದ ಅಳೆದು, ಸರಿಯಿದ್ದರೆ ಉಳಿದದ್ದನ್ನು ತೆಗೆಯಿರಿ.

ಸೈಜ್ ಆರಿಸುವುದು ನೀವು ಅಂಗಡಿಯಲ್ಲಿ ಕೊಳ್ಳುವ ಸೈಜಿನ ಮೇಲಲ್ಲ, ಟೇಪು ಹೇಳುವ ಅಳತೆಯ ಮೇಲೆ. ಅನೇಕ ಪ್ಯಾಟರ್ನ್‌ಗಳಲ್ಲಿ ಎರಡು ಪಟ್ಟಿಗಳಿರುತ್ತವೆ: ಒಂದು ಮೈಯ ಅಳತೆ, ಇನ್ನೊಂದು ಹೊಲಿದು ಮುಗಿದ ಬಟ್ಟೆಯ ಅಳತೆ. ಎರಡರ ನಡುವಿನ ವ್ಯತ್ಯಾಸವೇ ಆ ವಿನ್ಯಾಸ ಇಟ್ಟಿರುವ ಲೂಸ್. ಕಲಿಯುವವರು ಎರಡನೇ ಪಟ್ಟಿಯನ್ನು ಮೈಯ ಅಳತೆಯೆಂದು ಓದಿ ಬಿಗಿಯಾದ ಸೈಜ್ ಕತ್ತರಿಸಿಕೊಳ್ಳುತ್ತಾರೆ. ಎದೆ ತುಂಬಿದವರಿಗೆ ಬೇರೆ ತೊಡಕು. ಎದೆಯ ಅಳತೆಗೆ ಸೈಜ್ ಆರಿಸಿದರೆ ಭುಜ ಹೊರಕ್ಕೆ ಜಾರುತ್ತದೆ, ಏಕೆಂದರೆ ಪ್ಯಾಟರ್ನ್ ದೊಡ್ಡದಾದಂತೆ ಭುಜವೂ ಅಗಲವಾಗುತ್ತಾ ಹೋಗುತ್ತದೆ. ಅಂಥವರು ಕಂಕುಳ ಕೆಳಗೆ ಎದೆಯ ಮೇಲ್ಭಾಗದ ಸುತ್ತಳತೆ ತೆಗೆದು, ಅದಕ್ಕೆ ಹೊಂದುವ ಸೈಜ್ ಆರಿಸಿ, ಎದೆಯ ಜಾಗದಲ್ಲಿ ಮಾತ್ರ ಅಗಲ ಕೂಡಿಸಿಕೊಳ್ಳಬೇಕು.

ಮಾರ್ಜಿನ್ ವಿಷಯದಲ್ಲಿ ಇಲ್ಲಿ ಉಲ್ಟಾ ತಪ್ಪಾಗುತ್ತದೆ. ಹೆಚ್ಚಿನ ಪ್ಯಾಟರ್ನ್‌ಗಳು 1.5 ಸೆಂ.ಮೀ. ಮಾರ್ಜಿನ್ ಸೇರಿಸಿಯೇ ಬಂದಿರುತ್ತವೆ. ಬುರ್ದಾ ಎಂಬ ಹೊಲಿಗೆ ಪತ್ರಿಕೆಯಂಥ ಕೆಲವಲ್ಲಿ ಸೇರಿರುವುದಿಲ್ಲ. ಸೇರಿದ್ದಾಗ ಪ್ರೆಸರ್ ಫುಟ್‌ನ (ಬಟ್ಟೆಯನ್ನು ಒತ್ತಿ ಹಿಡಿಯುವ ಮಿಷನ್ನಿನ ಪಾದದ) ಅಂಚನ್ನೇ ಅಳತೆಯಾಗಿ ಹಿಡಿದು ಹೊಲಿದರೆ ಸಾಮಾನ್ಯವಾಗಿ 7 ಮಿ.ಮೀ. ಮಾತ್ರ ಒಳಗೆ ಹೋಗುತ್ತದೆ. ನಾಲ್ಕು ಅಂಚಿನಲ್ಲಿ 8 ಮಿ.ಮೀ.ನಂತೆ ಎದೆಯಲ್ಲಿ 3 ಸೆಂ.ಮೀ.ಗೂ ಹೆಚ್ಚು ದೊಗಳೆ. ಸೂಜಿಯಿಂದ 1.5 ಸೆಂ.ಮೀ. ಅಳೆದು ಮಿಷನ್ ಪ್ಲೇಟಿನ ಮೇಲೆ ಬಣ್ಣದ ಟೇಪ್ ಅಂಟಿಸಿ, ಬಟ್ಟೆಯ ಅಂಚು ಅದರ ಜೊತೆಗೇ ಸಾಗಲಿ.

ಇಷ್ಟು ದೂರಿದರೂ ರೆಡಿ ಪ್ಯಾಟರ್ನನ್ನು ಬಿಡಬೇಡಿ ಎನ್ನಲು ಬಲವಾದ ಕಾರಣವಿದೆ: ಅದು ಕ್ರಮ ಕಲಿಸುತ್ತದೆ. ಕತ್ತರಿಸಿದ ಕೂಡಲೇ ಕುತ್ತಿಗೆಯ ಸುತ್ತ ಮಾರ್ಜಿನ್ ಒಳಗೆ ಒಂದು ಸಾಲು ಹೊಲಿಗೆ ಹಾಕು, ಇಲ್ಲದಿದ್ದರೆ ಓರೆ ನೂಲು ಹಿಗ್ಗುತ್ತದೆ. ಆಮೇಲೆ ಭುಜ ಸೇರಿಸು, ಕುತ್ತಿಗೆಗೆ ಓರೆಯಾಗಿ ಕತ್ತರಿಸಿದ ಕ್ರಾಸ್ ಪಟ್ಟಿ ಕೊಡು, ಪಕ್ಕ ತೆರೆದಿರುವಾಗಲೇ ತೋಳನ್ನು ಚಪ್ಪಟೆಯಾಗಿಟ್ಟು ಕೂಡಿಸು, ಕೊನೆಗೆ ತೋಳಿನ ಅಡಿಯಿಂದ ಪಕ್ಕದ ಕೆಳಗಿನವರೆಗೆ ಒಂದೇ ಓಟದಲ್ಲಿ ಹೊಲಿ. ಸರಳ ಟಾಪ್‌ಗೆ ಈ ಕ್ರಮವೇ ಸುಲಭ. ಅಳತೆ ಬಟ್ಟೆ ಇದನ್ನು ಹೇಳಿಕೊಡುವುದಿಲ್ಲ, ಡ್ರಾಫ್ಟಿಂಗ್ ಸೂತ್ರಗಳೂ ಹೇಳುವುದಿಲ್ಲ. ಅಂಚಿನ ಕಚ್ಚು ಗುರುತುಗಳೂ ಹಾಗೆಯೇ. ತೋಳಿನ ಮುಂಭಾಗಕ್ಕೆ ಒಂದು ಕಚ್ಚು, ಹಿಂಭಾಗಕ್ಕೆ ಎರಡು. ಎಡ ತೋಳು ಬಲಕ್ಕೆ ಹೋಗದಂತೆ ಕಾಯುವುದು ಅವೇ. ಈ ಅಭ್ಯಾಸವನ್ನು ನಿಮ್ಮ ಬ್ರೌನ್ ಪೇಪರಿಗೂ ತಂದುಕೊಳ್ಳಿ.

ಡ್ರಾಫ್ಟಿಂಗ್

ಎದೆ 36 ಇಂಚು, ಭುಜ ಪೂರ್ತಿ 14½ ಇಂಚು ಎಂದಿಟ್ಟುಕೊಳ್ಳಿ. 4 ಇಂಚು ಲೂಸ್ ಸೇರಿಸಿದರೆ 40, ಅದರ ಕಾಲುಭಾಗ 10. ಮಡಿಕೆಯಿಂದ 10 ಇಂಚಿಗೆ ಹೊಲಿಗೆ ಗೆರೆ, 11ಕ್ಕೆ ಕತ್ತರಿಸುವ ಗೆರೆ. ಭುಜದ ಅರ್ಧ 7¼. ಮಡಿಕೆಯಿಂದ ಕುತ್ತಿಗೆಯ ಅಗಲ ಎದೆಯ ಹನ್ನೆರಡನೇ ಒಂದು ಭಾಗ, 3 ಇಂಚು. ಆರ್ಮ್‌ಹೋಲ್ ಇಳಿತ ಎದೆಯ ಕಾಲುಭಾಗದಲ್ಲಿ ಅರ್ಧ ಕಳೆದು 8½. ಲೆಕ್ಕ ಸುಲಭ, ಅದಕ್ಕೇ ಮೋಸ ಹೋಗುವುದೂ ಸುಲಭ. ಲೂಸಿನ 4 ಇಂಚನ್ನು ಸುತ್ತಳತೆಗೆ ಸೇರಿಸುವ ಬದಲು ಕಾಲುಭಾಗಕ್ಕೆ ಸೇರಿಸಿದರೆ ಬಟ್ಟೆ ಮೈಗಿಂತ 16 ಇಂಚು ದೊಡ್ಡದಾಗುತ್ತದೆ.

ಸೂತ್ರದ ದೊಡ್ಡ ದೋಷ ಬೇರೆಯೇ ಇದೆ. ಕುತ್ತಿಗೆ, ಆರ್ಮ್‌ಹೋಲ್ ಎಲ್ಲವೂ ಎದೆಯ ಜೊತೆಗೇ ಬೆಳೆಯುತ್ತವೆ ಎಂದು ಅದು ನಂಬುತ್ತದೆ. ಮೈ ಹಾಗೆ ಬೆಳೆಯುವುದಿಲ್ಲ. ಎದೆ 46 ಆದವರಿಗೆ ಇದೇ ಸೂತ್ರ 11 ಇಂಚಿನ ಇಳಿತ ಕೊಡುತ್ತದೆ. ಆ ಟಾಪ್ ಹಾಕಿ ಕೈ ಮೇಲೆತ್ತಿದರೆ ಇಡೀ ಬಟ್ಟೆ ಜೊತೆಗೆ ಏಳುತ್ತದೆ. ಆರ್ಮ್‌ಹೋಲ್ ಆಳವಾದಷ್ಟೂ ಕೈ ಹಗುರಾಗಿ ಆಡುತ್ತದೆ ಎಂಬ ನಂಬಿಕೆ ತಪ್ಪು, ಕಂಕುಳಿಗೆ ಹತ್ತಿರವಿದ್ದರೇ ಕೈ ಸಲೀಸು. ಆದ್ದರಿಂದ ಆರ್ಮ್‌ಹೋಲ್ ಇಳಿತವನ್ನು ಸೂತ್ರದಿಂದ ತೆಗೆಯಬೇಡಿ. ಕಂಕುಳಡಿ ಸ್ಕೇಲನ್ನು ಅಡ್ಡ ಹಿಡಿದು, ಭುಜದ ಮೇಲಿಂದ ಸ್ಕೇಲಿನವರೆಗೆ ಇನ್ನೊಬ್ಬರಿಂದ ಅಳೆಸಿ, 1 ಇಂಚು ಕೂಡಿಸಿ.

ಕುತ್ತಿಗೆಗೂ ಒಂದು ತಾಳೆ ಬೇಕು. ಅಗಲ 3, ಮುಂದಿನ ಆಳ 6, ಹಿಂದಿನ ಆಳ 2 ಇಟ್ಟರೆ ಸುತ್ತು 22 ಇಂಚಿನ ಆಸುಪಾಸು ಬರುತ್ತದೆ. ದೊಡ್ಡವರ ತಲೆಯ ಸುತ್ತಳತೆಯೂ ಹೆಚ್ಚುಕಡಿಮೆ ಅಷ್ಟೇ. ಪಾಪ್ಲಿನ್ ಹಿಗ್ಗದಿರುವುದರಿಂದ ಕಿವಿಯ ಹತ್ತಿರ ಸಿಕ್ಕಿಹಾಕಿಕೊಳ್ಳುತ್ತದೆ. ಅಗಲವನ್ನು ಅರ್ಧ ಇಂಚು ಹೆಚ್ಚಿಸಿ, ಇಲ್ಲವೇ ಹಿಂದೆ 4 ಇಂಚಿನ ಸೀಳು ಮತ್ತು ಒಂದು ಗುಂಡಿ ಕೊಡಿ.

ತೋಳಿನ ಡ್ರಾಫ್ಟ್ ಎಲ್ಲಕ್ಕಿಂತ ಕಷ್ಟ. ಕ್ಯಾಪ್‌ನ, ಅಂದರೆ ತೋಳಿನ ಮೇಲಿನ ಬಾಗಿದ ಭಾಗದ, ಎತ್ತರ 3 ಇಂಚಿನಷ್ಟಿದ್ದರೆ ತೋಳು ಅಗಲ, ಕೂಡಿಸುವುದು ಸುಲಭ, ಕೈ ಇಳಿಬಿಟ್ಟಾಗ ಕಂಕುಳಲ್ಲಿ ಸ್ವಲ್ಪ ನೆರಿಗೆ. 5 ಇಂಚಿಗೆ ಏರಿಸಿದರೆ ನೆಟ್ಟಗೆ ಇಳಿಯುತ್ತದೆ, ಆದರೆ ಕೂಡಿಸಲು ಪಳಗಿದ ಕೈ ಬೇಕು. ಮೊದಲಿಗೆ 3 ಸಾಕು.

ಡ್ರಾಫ್ಟನ್ನು ನೇರ ಒಳ್ಳೆಯ ಬಟ್ಟೆಯ ಮೇಲಿಡಬೇಡಿ. ಹಳೆಯ ಬೆಡ್‌ಶೀಟ್ ಕತ್ತರಿಸಿ, 4–5 ಮಿ.ಮೀ. ಉದ್ದದ ಕಚ್ಚಾ ಹೊಲಿಗೆ ಹಾಕಿ, ಮೈಮೇಲೆ ನೋಡಿ. ಅಲ್ಲಿ ತಿದ್ದಿದ್ದನ್ನು ಕೂಡಲೇ ಪೇಪರಿಗೂ ತಿದ್ದಿ.

ಪಕ್ಕಪಕ್ಕ ಇಟ್ಟಾಗ

ಪೂರ್ತಿ ಹೊಲಿದು ಹಾಕಿ ನೋಡಿದಾಗ ಅಳತೆ ಬಟ್ಟೆಯ ಟಾಪ್‌ಗೆ ತಿದ್ದುಪಡಿ ಬೇಕಾಗಲಿಲ್ಲ. ರೆಡಿ ಪ್ಯಾಟರ್ನಿನ ಹೊಲಿಗೆ ಮೂರರಲ್ಲಿ ಅತ್ಯಂತ ಅಚ್ಚುಕಟ್ಟು, ಆದರೆ ಭುಜ ಹೊರಗಿತ್ತು. ಡ್ರಾಫ್ಟಿಂಗ್ ಹೆಚ್ಚು ಹೊತ್ತು, ಹೆಚ್ಚು ಟ್ರಯಲ್ ಬೇಡಿತು. ಆದರೆ ಕುತ್ತಿಗೆ, ಉದ್ದ, ತೋಳುಗಳನ್ನು ಇಷ್ಟಕ್ಕೆ ಬದಲಿಸುವ ಸ್ವಾತಂತ್ರ್ಯ ಅದರಲ್ಲಿ ಮಾತ್ರ.

ಬಟ್ಟೆ ಎಷ್ಟು ಬೇಕೆಂದು ರೆಡಿ ಪ್ಯಾಟರ್ನ್ ತಾನೇ ಹೇಳುತ್ತದೆ, ಉಳಿದೆರಡರಲ್ಲಿ ಲೆಕ್ಕ ನಿಮ್ಮದು. 44 ಇಂಚು ಪನ್ನದ (ಅಗಲದ) ಬಟ್ಟೆಯಲ್ಲಿ ಕಾಲುಭಾಗಕ್ಕೆ 11 ಇಂಚಿನ ನಾಲ್ಕು ಭಾಗ ಎಂದರೆ ಸರಿಯಾಗಿ 44. ಅಂಚು ಬಿಟ್ಟರೆ ಸಾಲದು. ಹಾಗಾಗಿ ಮುಂಭಾಗ, ಹಿಂಭಾಗ ಒಂದರ ಕೆಳಗೊಂದು. ಮಾರ್ಜಿನ್ ಸೇರಿ 28 ಇಂಚಿನ ಎರಡು ಉದ್ದ, ತೋಳಿಗೆ 10, ಒಟ್ಟು 66 ಇಂಚು. 2 ಮೀಟರ್ ತಂದರೆ ಕ್ರಾಸ್ ಪಟ್ಟಿಗೂ ಆಯಿತು. ಯಾವ ದಾರಿಯಾದರೂ ನಡುಗೆರೆ ಬಟ್ಟೆಯ ಅಂಚಿಗೆ ಸಮಾನಾಂತರವಾಗಿರಲಿ. ಗೆರೆಯ ಎರಡು ತುದಿಗಳಿಂದ ಅಂಚಿಗಿರುವ ದೂರ ಅಳೆದು ನೋಡಿ. ಅರ್ಧ ಇಂಚು ಓರೆಯಾದರೂ ಕೆಲವು ಒಗೆತದ ನಂತರ ಪಕ್ಕದ ಹೊಲಿಗೆ ಹೊಟ್ಟೆಯ ಕಡೆಗೆ ತಿರುಚಿಕೊಳ್ಳಬಹುದು.

ಮೂರರಲ್ಲಿ ಒಂದನ್ನೇ ಹಿಡಿದು ಕೂರಬೇಕಿಲ್ಲ. ಅಳತೆ ಬಟ್ಟೆಯಿಂದ ತೆಗೆದ ಪೇಪರನ್ನು ಜೋಪಾನ ಮಾಡಿ, ಮುಂದೆ ಮಾಡುವ ಪ್ರತಿ ಡ್ರಾಫ್ಟ್ ಮೇಲೂ, ಕೊಂಡ ಪ್ಯಾಟರ್ನ್ ಮೇಲೂ ಮಾರ್ಜಿನ್ ಬಿಟ್ಟು ಹೊಲಿಗೆ ಗೆರೆಗೆ ಹೊಲಿಗೆ ಗೆರೆ ಕೂಡುವಂತೆ ಇಟ್ಟು ನೋಡಿ. ಭುಜ ಮುಕ್ಕಾಲು ಇಂಚು ಹೊರಗಿದೆ, ಆರ್ಮ್‌ಹೋಲ್ ಒಂದು ಇಂಚು ಆಳವಿದೆ ಎನ್ನುವುದು ಕತ್ತರಿ ಹಾಕುವ ಮೊದಲೇ ಕಣ್ಣಿಗೆ ಬೀಳುತ್ತದೆ. ನಿಮಗೆ ಹಿತವಾದ ಲೂಸ್ ಎಷ್ಟು ಎನ್ನುವ ಸಂಖ್ಯೆಯೂ ಆ ಪೇಪರಿನಲ್ಲೇ ಇದೆ, ಯಾವ ಪುಸ್ತಕದ 4 ಇಂಚಿಗಿಂತಲೂ ಅದು ನಿಮ್ಮ ಮೈಗೆ ಹೆಚ್ಚು ನಿಜ.

ಪ್ಯಾಂಟ್ ಮತ್ತು ಡಾರ್ಟ್ ಇರುವ ಬಿಗಿ ಬ್ಲೌಸ್‌ಗೆ ಮಾತ್ರ ನಮ್ಮ ಕ್ರಮ ಬದಲಾಗುತ್ತದೆ. ಪ್ಯಾಂಟಿನ ಕವಲಿನ ತಿರುವು, ಡಾರ್ಟಿನ ಉಬ್ಬು ಎರಡೂ ಚಪ್ಪಟೆ ಮಲಗುವುದಿಲ್ಲ. ಅವುಗಳಿಂದ ಗೆರೆ ತೆಗೆಯಬೇಕಾದರೆ ಹೊಲಿಗೆ ಬಿಚ್ಚಿ ತುಂಡು ತುಂಡಾಗಿ ಹಾಸಬೇಕು. ಬಿಚ್ಚಲು ಮನಸ್ಸಿಲ್ಲದಿದ್ದರೆ ಅಲ್ಲಿ ರೆಡಿ ಪ್ಯಾಟರ್ನಿನಿಂದ ಶುರು ಮಾಡಿ, ಬೆಡ್‌ಶೀಟ್ ಟ್ರಯಲ್ ತಪ್ಪಿಸಬೇಡಿ.