ಜಾಲದ ಮೂಲಕ ಡಿಸ್ಕ್ ಇಮೇಜ್: ಕ್ಲೋನ್‌ಜಿಲ್ಲಾ, ಡಿಡಿ, ವಿಂಡೋಸ್‌ನದೇ ಸಲಕರಣೆ

ಚಿಕ್ಕಮಗಳೂರಿನಲ್ಲಿ ಕಾಫಿ ಖರೀದಿ ಮಾಡುವ ಒಂದು ಸಣ್ಣ ಕಚೇರಿಯ ಲೆಕ್ಕಪತ್ರವನ್ನು ನಾನು ನೋಡಿಕೊಳ್ಳುತ್ತೇನೆ. ಅಲ್ಲಿರುವ ಹಳೆಯ ಕಂಪ್ಯೂಟರಿನಲ್ಲಿ ಟ್ಯಾಲಿ, ನುಡಿಯಲ್ಲಿ ಬರೆದ ಹಲವು ವರ್ಷಗಳ ಪತ್ರಗಳು ಮತ್ತು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಡ್ರೈವರ್ ಇವೆ. ಇವನ್ನೆಲ್ಲ ಹೊಸದಾಗಿ ಕೂರಿಸುವುದೆಂದರೆ ಎರಡು ದಿನದ ಕೆಲಸ. ಡಿಸೆಂಬರಿನಲ್ಲಿ ಅರೇಬಿಕಾ ಕುಯ್ಲಿನ ಲೆಕ್ಕ ಬರತೊಡಗಿದರೆ ಆ ಯಂತ್ರವನ್ನು ಅರ್ಧ ದಿನವೂ ಬಿಡಿಸಿಕೊಳ್ಳಲಾಗುವುದಿಲ್ಲ. ಆದ್ದರಿಂದ ಮಳೆಗಾಲದಲ್ಲೇ ಅದರ 500 ಜಿಬಿ ಹಾರ್ಡ್ ಡಿಸ್ಕನ್ನು ಇಡಿಯಾಗಿ ಇಮೇಜ್ ಮಾಡಿ (ಎಂದರೆ ವಿಂಡೋಸ್ ಸಮೇತ ಅದರಲ್ಲಿರುವುದೆಲ್ಲದರ ಯಥಾಪ್ರತಿ ತೆಗೆದು), ಪಕ್ಕದ ಕೋಣೆಯ ಕಂಪ್ಯೂಟರಿನಲ್ಲಿ ಇರಿಸಿ, ಬಳಿಕ ಹೊಸ ಎಸ್‌ಎಸ್‌ಡಿಗೆ ಇಳಿಸಬೇಕೆಂದು ತೀರ್ಮಾನಿಸಿದೆ. ಹಳೆಯ ಯಂತ್ರದಲ್ಲಿ ಇರುವುದು ಯುಎಸ್‌ಬಿ 2.0 ಮಾತ್ರ, ಅದಕ್ಕೆ ಹೊರಗಿನ ಡಿಸ್ಕ್ ಸೇರಿಸಿದರೆ ಸೆಕೆಂಡಿಗೆ 30–35 ಮೆಗಾಬೈಟ್ ದಾಟುವುದು ಕಷ್ಟ, ಗಿಗಾಬಿಟ್ (1000 ಮೆಗಾಬಿಟ್) ಜಾಲದಲ್ಲಾದರೆ 110ರವರೆಗೂ ಹೋಗಬಹುದು ಎಂಬುದು ನನ್ನ ಲೆಕ್ಕಾಚಾರವಾಗಿತ್ತು.

ಮೂರು ದಾರಿಗಳನ್ನೂ ನಾನೇ ನಡೆದು ನೋಡಿದ್ದೇನೆ. ನಾನು ನೆಚ್ಚಿಕೊಂಡಿರುವುದು ಕ್ಲೋನ್‌ಜಿಲ್ಲಾವನ್ನು. ತೈವಾನಿನ ರಾಷ್ಟ್ರೀಯ ಹೈ ಪರ್ಫಾರ್ಮೆನ್ಸ್ ಕಂಪ್ಯೂಟಿಂಗ್ ಕೇಂದ್ರದಲ್ಲಿ ರೂಪುಗೊಂಡ ಈ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ಬೂಟ್ ಮಾಡಿಕೊಂಡರೆ, ಇಮೇಜನ್ನು ಇನ್ನೊಂದು ಯಂತ್ರದ ಶೇರ್ ಮಾಡಿದ ಫೋಲ್ಡರಿಗೆ ಸಾಂಬಾ, ಎಸ್‌ಎಸ್‌ಎಚ್ ಅಥವಾ ಎನ್‌ಎಫ್‌ಎಸ್ ಎಂಬ ಜಾಲದ ಕಡತ ಸಾಗಣೆಯ ವಿಧಾನಗಳಲ್ಲೊಂದರ ಮೂಲಕ ಕಳುಹಿಸುತ್ತದೆ. ಡಿಸ್ಕಿನಲ್ಲಿ ನಿಜವಾಗಿ ಬಳಕೆಯಾಗಿರುವ ಜಾಗವನ್ನಷ್ಟೇ ಅದು ಓದುತ್ತದೆ. ನನ್ನ 500 ಜಿಬಿಯಲ್ಲಿ ತುಂಬಿದ್ದುದು 140 ಜಿಬಿ, ಕುಗ್ಗಿಸಿದ ಮೇಲೆ ಉಳಿದದ್ದು ಸುಮಾರು 85.

ಆದರೆ ಮೊದಲು ಕೈಹಾಕಿದ್ದು ಡಿಡಿಗೆ, ಎಂದರೆ ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಹಾಗೆಯೇ ನಕಲಿಸುವ ಲಿನಕ್ಸ್ ಆಜ್ಞೆಗೆ. ಎರಡೂ ಕಂಪ್ಯೂಟರುಗಳನ್ನು ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಒಂದು ಕಡೆ ಡಿಡಿಯಿಂದ ಓದಿಸಿ, ಮಾಹಿತಿಯನ್ನು ಜಾಲದಲ್ಲಿ ಸಾಗಿಸುವ ನೆಟ್‌ಕ್ಯಾಟ್ ಮೂಲಕ ಇನ್ನೊಂದು ಕಡೆ ಕಡತವಾಗಿ ಬರೆಸುವ ಈ ವಿಧಾನ ಎರಡೇ ಸಾಲುಗಳಲ್ಲಿ ಮುಗಿಯುತ್ತದೆ. ಸಂಜೆ ಆರಕ್ಕೆ ಶುರು ಮಾಡಿದಾಗ ತೆರೆಯ ಮೇಲೆ ವೇಗ ಸೆಕೆಂಡಿಗೆ 11 ಮೆಗಾಬೈಟ್ ಎಂದು ಕಾಣಿಸಿತು. ಡಿಡಿ ಖಾಲಿ ಜಾಗವನ್ನೂ ಬಿಡದೆ ಓದುವುದರಿಂದ ಇಡೀ 500 ಜಿಬಿಯೂ ಸಾಗಬೇಕು. ಆ ವೇಗಕ್ಕೆ ಹನ್ನೆರಡೂವರೆ ಗಂಟೆ ಬೇಕು. ಬೆಳಗಿನ ಜಾವ ಕರೆಂಟ್ ಹೋಯಿತು, ಯುಪಿಎಸ್ ಇಪ್ಪತ್ತು ನಿಮಿಷ ತಡೆಯಿತು, ಆಮೇಲೆ ಎಲ್ಲವೂ ನಿಂತಿತು. ಈ ವಿಧಾನದಲ್ಲಿ ಅರ್ಧಕ್ಕೆ ನಿಂತದ್ದು ತಾನಾಗಿ ಮುಂದುವರಿಯುವುದಿಲ್ಲ, ಆದ್ದರಿಂದ ಒಂದು ರಾತ್ರಿ ಪೂರ್ತಿ ವ್ಯರ್ಥವಾಯಿತು.

ಆ 11 ಎಂಬ ಸಂಖ್ಯೆಯ ಕುರಿತು ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ನನ್ನ ಎರಡು ವಾರಗಳನ್ನು ತಿಂದದ್ದು ಅದೇ. ಎಂಟು ಬಿಟ್ ಸೇರಿದರೆ ಒಂದು ಬೈಟ್; ಆದ್ದರಿಂದ 100 ಮೆಗಾಬಿಟ್ ಜಾಲದಲ್ಲಿ ಸೆಕೆಂಡಿಗೆ 12.5 ಮೆಗಾಬೈಟಿಗಿಂತ ಹೆಚ್ಚು ಹೋಗಲಾರದು, ಸಾಗಣೆಯ ವ್ಯವಸ್ಥೆಗೇ ಹೋಗುವ ಪಾಲು ಕಳೆದು ಸಿಗುವುದು 11ರ ಆಸುಪಾಸು. ಎಂದರೆ ಎಲ್ಲೋ ಒಂದು ಕಡೆ ಗಿಗಾಬಿಟ್ ಜಾಲ 100ಕ್ಕೆ ಇಳಿದಿತ್ತು. ಕಚೇರಿಯ ಹಳೆಯ ಸ್ವಿಚ್ಚೇ ಕಾರಣವಿರಬೇಕೆಂದು ಹೊಸದೊಂದು ಐದು ಪೋರ್ಟಿನ ಗಿಗಾಬಿಟ್ ಸ್ವಿಚ್ ಕೊಂಡು ತಂದೆ. ಮರುದಿನ ಕ್ಲೋನ್‌ಜಿಲ್ಲಾ ಓಡಿಸಿದಾಗ ಅದರ ತೆರೆಯಲ್ಲಿ ನಿಮಿಷಕ್ಕೆ 1.1 ಜಿಬಿ ಎಂದು ಬಂತು. ಸೆಕೆಂಡಿಗೆ ಲೆಕ್ಕ ಹಾಕಿದರೆ 18 ಮೆಗಾಬೈಟ್. ಇದು 12.5ನ್ನು ದಾಟಿರುವುದರಿಂದ ಜಾಲ ಸರಿಹೋಗಿದೆ, ಉಳಿದ ನಿಧಾನ ಡಿಸ್ಕಿನ ವಯಸ್ಸಿನದು ಎಂದು ನಂಬಿ ಸುಮ್ಮನಾದೆ. ಇಮೇಜ್ ಮುಗಿಯಲು ಎರಡು ಗಂಟೆಗೂ ಮೀರಿ ಹಿಡಿಯಿತು.

ನಾನು ಎಡವಿದ್ದು ಇಲ್ಲಿಯೇ. ಕ್ಲೋನ್‌ಜಿಲ್ಲಾ ತೋರಿಸುವ ವೇಗ ಡಿಸ್ಕಿನಿಂದ ಓದಿದ ಮಾಹಿತಿಯದು. ತಂತಿಯಲ್ಲಿ ಹೋಗುವುದು ಕುಗ್ಗಿಸಿದ ನಂತರದ್ದು. 140 ಜಿಬಿ 85ಕ್ಕೆ ಕುಗ್ಗುತ್ತಿರುವಾಗ ತಂತಿಯಲ್ಲಿ 11 ಹೋದರೂ ತೆರೆಯಲ್ಲಿ 18 ಕಾಣುವುದು ಸಹಜ. ಮುಂದಿನ ವಾರದ ಇಮೇಜೂ ಅಷ್ಟೇ ಹೊತ್ತು ತೆಗೆದುಕೊಂಡಾಗ ಅನುಮಾನ ಬಂದು, ಡಿಸ್ಕನ್ನೇ ಹೊರಗಿಟ್ಟು ಪರೀಕ್ಷಿಸಿದೆ: ಈ ಕಡೆ ಡಿಡಿಯಿಂದ ಬರೀ ಸೊನ್ನೆಗಳನ್ನು ಹುಟ್ಟಿಸಿ, ನೆಟ್‌ಕ್ಯಾಟ್ ಮೂಲಕ ಕಳುಹಿಸಿ, ಆ ಕಡೆ ಎಲ್ಲಿಯೂ ಬರೆಯದೆ ಎಸೆದುಬಿಡುವುದು. ಮತ್ತೆ 11. ಹೀಗೆ ಜಾಲದ ವೇಗ ಅಳೆಯಲೆಂದೇ ಇರುವ ಐಪರ್ಫ್3 ಇನ್ನೂ ಅನುಕೂಲ. ಜಾಲದ ಮೇಲೆ ಇಮೇಜ್ ನಿಧಾನವಾದರೆ ಉಳಿದೆಲ್ಲಕ್ಕಿಂತ ಮೊದಲು ಇದನ್ನು ಮಾಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಜಾಲದ ಸಂಪರ್ಕದ ಸ್ಥಿತಿ ತೋರಿಸುವ ಎಥ್‌ಟೂಲ್ ಆಜ್ಞೆ ಕೊಟ್ಟು ನೋಡಿದಾಗ ಎರಡೂ ತುದಿಗಳು 1000 ಮೆಗಾಬಿಟ್‌ಗೆ ಒಪ್ಪಿಗೆ ಸೂಚಿಸಿದ್ದವು, ಆದರೆ ಓಡುತ್ತಿದ್ದ ವೇಗ 100. ಗಿಗಾಬಿಟ್‌ಗೆ ಕೇಬಲಿನೊಳಗಿನ ತಂತಿಗಳ ನಾಲ್ಕೂ ಜೋಡಿಗಳು ಬೇಕು. 100 ಮೆಗಾಬಿಟ್‌ಗೆ ಒಂದು, ಎರಡು, ಮೂರು ಮತ್ತು ಆರನೆಯ ಪಿನ್ನುಗಳ ಎರಡು ಜೋಡಿ ಸಾಕು. ಪರಸ್ಪರ ಒಪ್ಪಂದದ ಸಂಕೇತಗಳು ಈ ಎರಡು ಜೋಡಿಗಳಲ್ಲೇ ನಡೆಯುವುದರಿಂದ, ಉಳಿದ ಎರಡರಲ್ಲಿ ಒಂದು ಕಡಿದಿದ್ದರೂ ಯಂತ್ರಗಳು ದೊಡ್ಡ ವೇಗಕ್ಕೆ ಒಪ್ಪುತ್ತವೆ, ಆಮೇಲೆ ಸದ್ದಿಲ್ಲದೆ ಕೆಳಗಿಳಿಯುತ್ತವೆ. ಇಂಟರ್‌ನೆಟ್ ಎಂದಿನಂತೆ ಬರುತ್ತಿರುತ್ತದೆ, ಯಾವ ದೋಷದ ಸಂದೇಶವೂ ಕಾಣುವುದಿಲ್ಲ. ನಾನು ಈ ಕೆಲಸಕ್ಕೆಂದೇ ಅಂಗಡಿಯಿಂದ ಕ್ರಿಂಪ್ ಮಾಡಿಸಿ (ತುದಿಗೆ ಕನೆಕ್ಟರ್ ಒತ್ತಿ ಕೂರಿಸಿ) ತಂದಿದ್ದ ಇಪ್ಪತ್ತು ಮೀಟರ್ ಕೇಬಲಿನ ತುದಿಯನ್ನು, ಬೀದಿಯಲ್ಲಿ ಇಂಟರ್‌ನೆಟ್ ಲೈನ್ ಎಳೆಯುವ ಹುಡುಗನಿಗೆ ತೋರಿಸಿದೆ. ಬೆಳಕಿಗೆ ಹಿಡಿದು ನೋಡಿ, "ಸಾರ್, ಇದ್ರಲ್ಲಿ ನೀಲಿ ವೈರು ಪಿನ್ನಿಗೆ ಮುಟ್ಟೇ ಇಲ್ಲ" ಎಂದ. ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದ ಮೇಲೆ ಅದೇ ಇಮೇಜ್ ನಲವತ್ತು ನಿಮಿಷದಲ್ಲಿ ಮುಗಿಯಿತು. ಸ್ವಿಚ್ಚಿನ ಹಣ ಸುಮ್ಮನೆ ಹೋಯಿತು. ಹಳೆಯದೂ ಗಿಗಾಬಿಟ್ಟೇ ಆಗಿತ್ತು.

ಕ್ಲೋನ್‌ಜಿಲ್ಲಾದಲ್ಲಿ ತೊಡಕೇ ಇಲ್ಲವೆಂದಲ್ಲ. ವಿಂಡೋಸ್ 10ರ ಫಾಸ್ಟ್ ಸ್ಟಾರ್ಟಪ್ ಚಾಲ್ತಿಯಲ್ಲಿದ್ದರೆ, ಶಟ್‌ಡೌನ್ ಮಾಡಿದ ಯಂತ್ರದ ಎನ್‌ಟಿಎಫ್‌ಎಸ್ ಪಾರ್ಟಿಷನ್ (ವಿಂಡೋಸ್ ಕಡತಗಳಿರುವ ಡಿಸ್ಕಿನ ಭಾಗ) ಪೂರ್ತಿ ಮುಚ್ಚಿಕೊಂಡಿರುವುದಿಲ್ಲ. ಕ್ಲೋನ್‌ಜಿಲ್ಲಾ ಅದನ್ನು ಓದಲು ನಿರಾಕರಿಸುತ್ತದೆ. ಫಾಸ್ಟ್ ಸ್ಟಾರ್ಟಪ್‌ಗೆ ಆಧಾರವಾದ ಹೈಬರ್ನೇಶನ್ ನಿಲ್ಲಿಸಿ, ಒಮ್ಮೆ ಡಿಸ್ಕ್ ತಪಾಸಣೆಯ ಚೆಕ್‌ಡಿಸ್ಕ್ ಓಡಿಸಿ, ಸರಿಯಾಗಿ ಶಟ್‌ಡೌನ್ ಮಾಡಿದರೆ ಸಾಕು. ಹಾಗೆಯೇ ಓದಿಸುವ ಬಲವಂತದ ಆಯ್ಕೆಯನ್ನು ಬಳಸಬೇಡಿ. ಇನ್ನೊಂದು ಕಡೆ, ಇಮೇಜನ್ನು ಪಡೆಯುವ ಯಂತ್ರಕ್ಕೆ ನಾವು ದಿನವೂ ಪಿನ್ ಸಂಖ್ಯೆ ಒತ್ತಿ ಒಳಹೋಗುತ್ತಿದ್ದೆವು. ಶೇರ್ ಮಾಡಿದ ಫೋಲ್ಡರಿಗೆ ಜಾಲದ ಮೂಲಕ ಬರುವವರಿಗೆ ಪಿನ್ ನಡೆಯುವುದಿಲ್ಲ, ಪಾಸ್‌ವರ್ಡೇ ಬೇಕು; ಪಾಸ್‌ವರ್ಡ್ ಖಾಲಿಯಿರುವ ಖಾತೆಗೂ ಪ್ರವೇಶವಿಲ್ಲ. ಇಮೇಜಿಗೆಂದೇ ಒಂದು ಪ್ರತ್ಯೇಕ ಖಾತೆ ಮಾಡಿಕೊಂಡೆ. ಆ ಯಂತ್ರ ನಡುವೆ ನಿದ್ರೆಗೆ ಜಾರದಂತೆಯೂ ನೋಡಿಕೊಳ್ಳಬೇಕು.

ವಿಂಡೋಸ್‌ನದೇ ಸಿಸ್ಟಮ್ ಇಮೇಜ್ ಸಲಕರಣೆಗೆ ಒಂದು ದೊಡ್ಡ ಗುಣವಿದೆ: ಕೆಲಸ ನಿಲ್ಲಿಸದೆಯೇ ಇಮೇಜ್ ತೆಗೆಯಬಹುದು. ಆದರೆ ಜಾಲದ ಫೋಲ್ಡರಿನಲ್ಲಿ ಅದು ಕೊನೆಯ ಒಂದೇ ಪ್ರತಿಯನ್ನು ಉಳಿಸುತ್ತದೆ, ಹಿಂದಿನದು ಅಳಿಯುತ್ತದೆ. ಕೆಟ್ಟುಹೋದ ಸ್ಥಿತಿಯ ಇಮೇಜ್ ಒಳ್ಳೆಯದರ ಮೇಲೆ ಕುಳಿತರೆ ಲೆಕ್ಕ ಬರೆಯುವವನ ಗತಿಯೇನು? ಮೈಕ್ರೋಸಾಫ್ಟ್ ಕೂಡ 2017ರಲ್ಲೇ ಇದನ್ನು ಮುಂದೆ ಅಭಿವೃದ್ಧಿಪಡಿಸದ ಸೌಲಭ್ಯಗಳ ಪಟ್ಟಿಗೆ ಸೇರಿಸಿದೆ.

ಡಿಸ್ಕ್ ಸಾಯುತ್ತಿದ್ದರೆ ಮಾತು ಬೇರೆ. ಅದರಲ್ಲಿ ಓದಲಾಗದ ಸೆಕ್ಟರುಗಳು (ಡಿಸ್ಕಿನ ಚಿಕ್ಕ ಚಿಕ್ಕ ಭಾಗಗಳು) ಇರುವಾಗ ಕ್ಲೋನ್‌ಜಿಲ್ಲಾವೂ ಬೇಡ, ಡಿಡಿಯೂ ಬೇಡ. ಎಲ್ಲಿಯವರೆಗೆ ಓದಿದೆ ಎಂಬ ನಕ್ಷೆಯನ್ನು ಇಟ್ಟುಕೊಂಡು, ನಿಂತಲ್ಲಿಂದ ಮುಂದುವರಿಯುವ ಡಿಡಿರೆಸ್ಕ್ಯೂ ಬಳಸಬೇಕು.

ಎಸ್‌ಎಸ್‌ಡಿ ಕೊಳ್ಳುವಾಗ 480 ಜಿಬಿಯದು ಅಗ್ಗವೆಂದು ತರಬೇಡಿ: 500ರ ಇಮೇಜ್ ಅದಕ್ಕಿಂತ ಚಿಕ್ಕ ಡಿಸ್ಕಿಗೆ ನೇರವಾಗಿ ಇಳಿಯುವುದಿಲ್ಲ, ಮೊದಲು ಪಾರ್ಟಿಷನ್ ಕುಗ್ಗಿಸುವ ಕೆಲಸ ಬೀಳುತ್ತದೆ. ನಾನು 500ರದ್ದೇ ತಂದು ಇಳಿಸಿದೆ. ಟ್ಯಾಲಿ ತೆರೆಯಿತು, ನುಡಿಯ ಪತ್ರಗಳು ಇದ್ದ ಹಾಗೆಯೇ ಇದ್ದವು, ಪ್ರಿಂಟರ್ ಮೊದಲ ಬಿಲ್ಲನ್ನು ಅಚ್ಚುಕಟ್ಟಾಗಿ ಹೊಡೆಯಿತು.

ಈಗ ತಿಂಗಳ ಕೊನೆಯ ಶನಿವಾರ ಸಂಜೆ ಬಾಗಿಲು ಹಾಕುವ ಮುನ್ನ ಇಮೇಜ್ ತೆಗೆಯುತ್ತೇನೆ. ಮೂರು ತಿಂಗಳ ಪ್ರತಿಗಳಿಗೆ 260 ಜಿಬಿ ಸಾಕಾಗುತ್ತದೆ. ತಿಂಗಳಿಗೊಮ್ಮೆ ನಲವತ್ತು ನಿಮಿಷ ಯಂತ್ರವನ್ನು ನಿಲ್ಲಿಸಲು ನನಗೆ ಸಾಧ್ಯ, ಹಣ ಕೊಟ್ಟು ಬ್ಯಾಕಪ್ ತಂತ್ರಾಂಶ ಕೊಳ್ಳಲು ಕಚೇರಿಗೆ ಮನಸ್ಸಿಲ್ಲ. ಈ ಎರಡಕ್ಕೂ ಕ್ಲೋನ್‌ಜಿಲ್ಲಾ ಹೊಂದುತ್ತದೆ. ಅದರ ಇಮೇಜಿನಿಂದ ಒಂದೇ ಒಂದು ಕಡತವನ್ನು ಹೆಕ್ಕಿ ತೆಗೆಯುವುದು ಸುಲಭವಲ್ಲವಾದ್ದರಿಂದ, ಟ್ಯಾಲಿಯ ಡೇಟಾ ಫೋಲ್ಡರನ್ನು ಮಾತ್ರ ದಿನವೂ ಸಂಜೆ ಪೆನ್‌ಡ್ರೈವಿಗೆ ಬೇರೆಯಾಗಿ ಹಾಕಿಕೊಳ್ಳುತ್ತೇನೆ.