ಮಾತಿನ ಸದ್ದು ಸಮ ಮಾಡಲು: ಪೀಕ್, ಪೂರ್ತಿ ಅಳತೆ, ಇಲ್ಲಾ ಮಾತಿನ ಅಳತೆ?

ಶಿರಸಿಯ ತಾಳಮದ್ದಲೆ, ಕಾರವಾರದ ಮೀನುಗಾರರ ಸಂದರ್ಶನ, ಎರಡನ್ನೂ ಒಂದೇ ಚಾನೆಲ್‌ಗೆ ಹಾಕುವವರಿಗೆ ಈ ಹೋಲಿಕೆ.

ಪೀಕ್ ನಾರ್ಮಲೈಸ್, ಅಂದರೆ ಫೈಲಿನ ಅತಿ ಜೋರಾದ ಕ್ಷಣ ನೋಡಿ ಮಟ್ಟ ಹೊಂದಿಸುವುದು, ಬೇಡವೇ ಬೇಡ. ಚೆಂಡೆಯ ಒಂದೇ ಪೆಟ್ಟು ಇಡೀ ಫೈಲಿನ ಮಟ್ಟ ನಿರ್ಧರಿಸಿಬಿಡುತ್ತದೆ.

ಪೂರ್ತಿ ಕಾರ್ಯಕ್ರಮದ ಲೌಡ್‌ನೆಸ್ (ಕಿವಿಗೆ ಒಟ್ಟಾರೆ ಎಷ್ಟು ಜೋರು ಅನ್ನುವುದು) ಅಳೆಯುವುದು ಎಷ್ಟೋ ವಾಸಿ. ಯುರೋಪಿನ ಪ್ರಸಾರಕರ ಗುರಿ -23 ಎಲ್‌ಯುಎಫ್‌ಎಸ್ (ಲೌಡ್‌ನೆಸ್ ಅಳೆಯುವ ಮಾನ; ಸೊನ್ನೆಗೆ ಹತ್ತಿರವಾದಷ್ಟೂ ಜೋರು). ಆಪಲ್ ಪಾಡ್‌ಕಾಸ್ಟ್‌ಗೆ ಹೇಳುವುದು -16ರ ಆಸುಪಾಸು. ಬರೀ ಮಾತಿನ ಸಂದರ್ಶನಕ್ಕೆ ಇಷ್ಟು ಸಾಕು. ಆದರೆ ತಾಳಮದ್ದಲೆಯಲ್ಲಿ ಭಾಗವತಿಕೆ, ಚೆಂಡೆಯ ಅಬ್ಬರ ಲೆಕ್ಕವನ್ನು ಏರಿಸುತ್ತದೆ. ಮೀಟರ್ ಎರಡಕ್ಕೂ -16 ತೋರಿಸಿದರೂ ಅರ್ಥಧಾರಿಯ (ಪಾತ್ರವಾಗಿ ಮಾತಾಡುವವರ) ಮಾತು ಸಣ್ಣದಾಗಿಯೇ ಕೇಳುತ್ತದೆ. ಪೀಠಿಕೆಯ ಆ ತಗ್ಗಿದ ದನಿಯೇ ಕೇಳದಿದ್ದರೆ ತಾಳಮದ್ದಲೆ ಹಾಕಿ ಏನು ಬಂತು, ಅಲ್ವಾ?

ಹಾಗಾಗಿ ನನ್ನ ಆಯ್ಕೆ ಮಾತಿನ ಅಳತೆ. ನೆಟ್‌ಫ್ಲಿಕ್ಸ್ ಕೂಡ ಸಂಭಾಷಣೆಯನ್ನು ಅಳೆದು -27 ಕೇಳುತ್ತದೆ. ದುಬಾರಿ ಪ್ಲಗಿನ್ ಬೇಕಿಲ್ಲ. ಚೆಂಡೆಯಿಲ್ಲದ ಅರ್ಥದ (ಮಾತಿನ) ಭಾಗ ಸೆಲೆಕ್ಟ್ ಮಾಡಿ ಅಳೆಯಿರಿ. -20 ಬಂದರೆ, ಮಾತು -16ಕ್ಕೆ ಬರಲು ಇಡೀ ಫೈಲನ್ನು 4 ಡಿಬಿ (ಡೆಸಿಬಲ್) ಏರಿಸಿ. ಆಗ ಚೆಂಡೆ ಮಿತಿ ಮೀರಬಹುದು. ಲಿಮಿಟರನ್ನು (ಸದ್ದು ಒಂದು ಮಟ್ಟ ದಾಟದಂತೆ ತಡೆಯುವ ಸಾಧನ) -1 ಡಿಬಿಗೆ ಇಟ್ಟು ಹಿಡಿಯಿರಿ. ಕೆಲಸ ಸ್ವಲ್ಪ ಜಾಸ್ತಿ, ನಿಜ. ಬರೀ ಸಂದರ್ಶನ ಮಾಡುವವರು ಸುಮ್ನೆ ಇದಕ್ಕೆ ಕೈಹಾಕಬೇಕಿಲ್ಲ.