ಸ್ವೈಪಿಂಗ್ ಮೆಷಿನ್ ಸಣ್ಣ ಅಂಗಡಿಗೆ ಎಷ್ಟಕ್ಕೆ ಬೀಳುತ್ತದೆ: ದೀರ್ಘಕಾಲದ ಬಳಕೆಯ ವಿಮರ್ಶೆ

ದಾವಣಗೆರೆಯಲ್ಲಿರುವ ನಮ್ಮ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಯಲ್ಲಿ ಖಾಸಗಿ ಬ್ಯಾಂಕೊಂದರ ಕಾರ್ಡ್ ಸ್ವೈಪಿಂಗ್ ಮೆಷಿನನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇವೆ. ಬ್ಯಾಂಕಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಬೇರೆ ಬ್ಯಾಂಕುಗಳ ಮೆಷಿನ್ ಇಟ್ಟುಕೊಂಡಿರುವ ಅಕ್ಕಪಕ್ಕದ ವರ್ತಕರ ಲೆಕ್ಕವೂ ಹೆಚ್ಚುಕಡಿಮೆ ನಮ್ಮಂತೆಯೇ ಇದೆ.

ಯಂತ್ರದ ಬಗ್ಗೆ ದೂರುವಂಥದ್ದು ಕಡಿಮೆ. ಬೆಳಿಗ್ಗೆ ಚಾರ್ಜ್ ಮಾಡಿದರೆ ರಾತ್ರಿ ಬಾಗಿಲು ಹಾಕುವವರೆಗೆ ಬ್ಯಾಟರಿ ಬರುತ್ತದೆ, ಮಳೆಗಾಲದಲ್ಲಿ ಸಿಮ್‌ನ ನೆಟ್‌ವರ್ಕ್ ಆಗಾಗ ಕೈಕೊಡುತ್ತದೆ, ಹಣ ಮರುದಿನ ಖಾತೆಗೆ ಜಮೆಯಾಗುತ್ತದೆ. 2021ರ ಜನವರಿಯಿಂದ 5,000 ರೂಪಾಯಿವರೆಗಿನ ಮೊತ್ತಕ್ಕೆ ಪಿನ್ ಇಲ್ಲದೆ ಕಾರ್ಡ್ ತಾಗಿಸಿ ಪಾವತಿಸುವ ಅವಕಾಶ ಬಂದ ಮೇಲೆ ಹಬ್ಬದ ಹೊತ್ತಿನ ನೂಕುನುಗ್ಗಲೂ ಸಲೀಸಾಗಿದೆ. ಉಪಕರಣಕ್ಕಷ್ಟೇ ಅಂಕ ಕೊಡುವುದಾದರೆ ಐದಕ್ಕೆ ನಾಲ್ಕು ಕೊಡುತ್ತೇನೆ.

ಆದರೆ ಈ ಸೇವೆಯ ನಿಜವಾದ ಬೆಲೆ ತಿಳಿಯುವುದು ತಿಂಗಳ ಸ್ಟೇಟ್‌ಮೆಂಟ್ ಓದಿದಾಗ. ಪ್ರತಿ ಕಾರ್ಡ್ ಪಾವತಿಯ ಮೇಲೆ ವರ್ತಕರಿಗೆ ಬೀಳುವ, ಎಂಡಿಆರ್ ಎಂದು ಕರೆಯುವ ಶುಲ್ಕವನ್ನು ಬ್ಯಾಂಕು ಮೊದಲೇ ಕಳೆದುಕೊಂಡು ಉಳಿದದ್ದನ್ನು ಮಾತ್ರ ಜಮೆ ಮಾಡುವುದರಿಂದ, ಬಿಲ್ಲಿನ ಮೊತ್ತವನ್ನೂ ಜಮೆಯಾದ ಮೊತ್ತವನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡದವರಿಗೆ ಎಷ್ಟು ಹೋಯಿತೆಂಬುದು ಗೊತ್ತೇ ಆಗುವುದಿಲ್ಲ. ಡೆಬಿಟ್ ಕಾರ್ಡಿಗೆ ರಿಸರ್ವ್ ಬ್ಯಾಂಕು 2018ರಿಂದ ಮಿತಿ ಹಾಕಿದೆ: ವಾರ್ಷಿಕ ವಹಿವಾಟು 20 ಲಕ್ಷದೊಳಗಿನ ವರ್ತಕರಿಗೆ ಮೆಷಿನ್ ಮೂಲಕ ಗರಿಷ್ಠ ಶೇ. 0.40, ಉಳಿದವರಿಗೆ ಶೇ. 0.90. ರುಪೇ ಡೆಬಿಟ್ ಕಾರ್ಡಿಗೂ ಯುಪಿಐಗೂ 2020ರ ಜನವರಿಯಿಂದ ಈ ಶುಲ್ಕವೇ ಇಲ್ಲ. ಕ್ರೆಡಿಟ್ ಕಾರ್ಡಿಗೆ ಮಾತ್ರ ಅಂಥ ಮಿತಿಯಿಲ್ಲ. ಬ್ಯಾಂಕು ಹೇಳಿದ್ದೇ ದರ. ನಮಗೆ ಮೊದಲು ಗೊತ್ತುಮಾಡಿದ ದರ ಶೇ. 2, ಅದರ ಮೇಲೆ ಶೇ. 18 ಜಿಎಸ್‌ಟಿ.

ಈ ದರ ನಮ್ಮಂಥ ವ್ಯಾಪಾರಕ್ಕೆ ಎಷ್ಟು ಭಾರವೆಂಬುದು ಒಂದು ಬಿಲ್ಲಿನಿಂದ ಸ್ಪಷ್ಟವಾಗುತ್ತದೆ. ಹೊಸ ಮನೆ ಕಟ್ಟಿಸುವವರು ವೈರ್ ಕಾಯಿಲ್, ಎಂಸಿಬಿ, ಸ್ವಿಚ್ಚುಗಳೆಂದು 50,000 ರೂಪಾಯಿಯ ಸಾಮಾನು ತೆಗೆದುಕೊಂಡು ಕ್ರೆಡಿಟ್ ಕಾರ್ಡ್ ಕೊಟ್ಟರೆ, ಶುಲ್ಕ 1,000, ಅದಕ್ಕೆ ಜಿಎಸ್‌ಟಿ 180, ಒಟ್ಟು 1,180 ರೂಪಾಯಿ ಹೋಗುತ್ತದೆ. ಹೆಚ್ಚಿನ ಪಾಲು ತಾಮ್ರದ ವೈರೇ ಇರುವ ಬಿಲ್ಲಿನಲ್ಲಿ ನಮಗೆ ಸಿಗುವ ಮಾರ್ಜಿನ್ ಶೇ. 5ರ ಆಸುಪಾಸು, ಅಂದರೆ 2,500 ರೂಪಾಯಿ. ಬಾಡಿಗೆ, ಕೆಲಸದ ಹುಡುಗರ ಸಂಬಳ, ಸಾಲದ ಬಡ್ಡಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಮೊದಲೇ ಅದರ ಅರ್ಧಕ್ಕೆ ಸಮೀಪದ ಹಣ ಕೈಬಿಟ್ಟಿರುತ್ತದೆ. ನಾವು ಜಿಎಸ್‌ಟಿಯ ಕಾಂಪೊಸಿಷನ್ ಯೋಜನೆಯಲ್ಲಿ (ಸಣ್ಣ ವರ್ತಕರು ಒಟ್ಟು ಮಾರಾಟದ ಮೇಲೆ ಕಡಿಮೆ ದರದ ತೆರಿಗೆ ಕಟ್ಟುವ ವ್ಯವಸ್ಥೆ) ಇರುವುದರಿಂದ ಆ 180 ರೂಪಾಯಿಗೆ ಇನ್‌ಪುಟ್ ಕ್ರೆಡಿಟ್ (ಕೊಟ್ಟ ಜಿಎಸ್‌ಟಿಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವ ಅವಕಾಶ) ಸಿಗುವುದಿಲ್ಲ, ಮಾರಾಟದ ಮೇಲಿನ ಶೇ. 1 ತೆರಿಗೆಯನ್ನೂ ಕೈಗೆ ಬಂದ ಮೊತ್ತದ ಮೇಲಲ್ಲ, ಪೂರ್ತಿ 50,000ದ ಮೇಲೆಯೇ ಕಟ್ಟಬೇಕು. ಸರ್ಕಾರಕ್ಕೆ ಕಟ್ಟುವ 500 ರೂಪಾಯಿ ತೆರಿಗೆಯ ಬಗ್ಗೆ ವರ್ತಕರ ಸಂಘದಲ್ಲಿ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ಅದರ ಎರಡರಷ್ಟಕ್ಕೂ ಹೆಚ್ಚಿನ ಈ ಕಡಿತದ ಮಾತು ಅಲ್ಲಿ ಬರುವುದೇ ಅಪರೂಪ.

ಈ ಶುಲ್ಕದಲ್ಲಿ ಮೆಷಿನ್ ಕೊಟ್ಟ ಬ್ಯಾಂಕಿಗೆ ಉಳಿಯುವುದು ಸಣ್ಣ ಭಾಗ. ದೊಡ್ಡ ಪಾಲು ಗ್ರಾಹಕರಿಗೆ ಕಾರ್ಡ್ ಕೊಟ್ಟ ಬ್ಯಾಂಕಿಗೂ, ಇನ್ನೊಂದು ಪಾಲು ವೀಸಾ, ಮಾಸ್ಟರ್‌ಕಾರ್ಡ್‌ನಂಥ ಜಾಲಗಳಿಗೂ ಹೋಗುತ್ತದೆ. ಗ್ರಾಹಕರಿಗೆ ಬರುವ ರಿವಾರ್ಡ್ ಪಾಯಿಂಟು, ವಿಮಾನ ನಿಲ್ದಾಣದ ಲೌಂಜಿನ ಊಟ ಇವುಗಳಿಗೆ ಹಣ ಬರುವ ದಾರಿಗಳಲ್ಲಿ ಇದೂ ಒಂದು. ಪಾಯಿಂಟು ಸಿಗಲೆಂದೇ ಕಾರ್ಡ್ ಚಾಚುವವರಲ್ಲಿ ಬೇಸರಪಡುವುದಕ್ಕೆ ಕಾರಣವಿಲ್ಲ. ಬಿಲ್ಲು ಯಾರ ಲೆಕ್ಕಕ್ಕೆ ಬೀಳುತ್ತದೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಕಾರ್ಡಿಗೆ ಶೇ. 2 ಹೆಚ್ಚು ಕೇಳುವ ಅಂಗಡಿಗಳಿವೆ, ಆದರೆ ಡೆಬಿಟ್ ಕಾರ್ಡಿನ ಶುಲ್ಕವನ್ನು ಗ್ರಾಹಕರ ಮೇಲೆ ಹೊರಿಸಬಾರದೆಂದು ರಿಸರ್ವ್ ಬ್ಯಾಂಕೇ ಹೇಳಿದೆ; ಕ್ರೆಡಿಟ್ ಕಾರ್ಡಿನ ವಿಷಯದಲ್ಲಿ ಬ್ಯಾಂಕಿನೊಡನೆ ಮಾಡಿಕೊಂಡ ನಮ್ಮ ಒಪ್ಪಂದ ಅದಕ್ಕೆ ಅಡ್ಡಬರುತ್ತದೆ.

ದರಪಟ್ಟಿಯನ್ನು ಪೂರ್ತಿ ಓದಿದಾಗ ಇನ್ನಷ್ಟು ಸಂಗತಿಗಳು ಕಂಡವು. ಕಂಪನಿಗಳ ಹೆಸರಿನ ಕಾರ್ಡುಗಳಿಗೆ, ವಿದೇಶದಲ್ಲಿ ಕೊಟ್ಟ ಕಾರ್ಡುಗಳಿಗೆ ದರ ಬೇರೆ, ಅದೂ ಹೆಚ್ಚು. ರಜೆಯಲ್ಲಿ ಊರಿಗೆ ಬಂದು ತಂದೆ-ತಾಯಿಯ ಮನೆಗೆ ಗೀಸರ್ ಕೊಡಿಸುವ ಮಕ್ಕಳ ಕಾರ್ಡುಗಳು ಹಲವು ಸಲ ಈ ಎರಡನೆಯ ಬಗೆಯವು. ಗ್ರಾಹಕರು ಮರುದಿನ ಸಾಮಾನು ಹಿಂತಿರುಗಿಸಿದರೆ ಪೂರ್ತಿ ಹಣ ವಾಪಸು ಹೋಗುತ್ತದೆ, ನಮ್ಮಿಂದ ಕಳೆದ ಶುಲ್ಕ ಮಾತ್ರ ವಾಪಸು ಬರುವುದಿಲ್ಲ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸುವ ಸೌಲಭ್ಯ ಬಂದಿರುವುದರಿಂದ ಕ್ಯೂಆರ್ ಸ್ಕ್ಯಾನ್ ಮಾಡಿದ ಮಾತ್ರಕ್ಕೆ ಶುಲ್ಕವಿಲ್ಲವೆಂದು ತಿಳಿಯುವಂತಿಲ್ಲ: ಸಣ್ಣ ವರ್ತಕರಿಗೆ 2,000 ರೂಪಾಯಿವರೆಗೆ ವಿನಾಯಿತಿಯಿದೆ, ಮೇಲಿನ ಮೊತ್ತಕ್ಕಿಲ್ಲ.

ಇಷ್ಟಾದರೂ ಮೆಷಿನನ್ನು ವಾಪಸು ಕೊಟ್ಟಿಲ್ಲ. ಫ್ಯಾನು, ಅಲಂಕಾರದ ದೀಪ, ಗೀಸರುಗಳಲ್ಲಿ ಮಾರ್ಜಿನ್ ಚೆನ್ನಾಗಿದೆ; ತಿಂಗಳ ಕೊನೆಯಲ್ಲಿ ಕೈಯಲ್ಲಿ ನಗದಿಲ್ಲದ ಗ್ರಾಹಕರು ಕಾರ್ಡ್ ನಡೆಯುತ್ತದೆ ಎಂಬ ಕಾರಣಕ್ಕೇ ನಮ್ಮಲ್ಲಿಗೆ ಬರುತ್ತಾರೆ, ಉದ್ರಿ ಬರೆಸುವುದಿಲ್ಲ. ಆರು ತಿಂಗಳಿಗೂ ವಸೂಲಾಗದ ಉದ್ರಿಗೆ ಹೋಲಿಸಿದರೆ ಶೇ. 2 ಅಗ್ಗವೇ. ವೈರಿನ ದೊಡ್ಡ ಬಿಲ್ಲುಗಳಿಗೆ ಮಾತ್ರ ಕೊಟೇಶನ್ ಬರೆಯುವಾಗಲೇ ಯುಪಿಐ ಅಥವಾ ನೆಫ್ಟ್ ಮೂಲಕ ಪಾವತಿಸುವಂತೆ ಕೇಳಿಕೊಳ್ಳುತ್ತೇವೆ, ಹೆಚ್ಚಿನವರು ಒಪ್ಪುತ್ತಾರೆ. ಒಂದು ವರ್ಷದ ಸ್ಟೇಟ್‌ಮೆಂಟುಗಳನ್ನೂ ಬೇರೊಂದು ಬ್ಯಾಂಕಿನ ದರಪಟ್ಟಿಯನ್ನೂ ಮುಂದಿಟ್ಟು ಕೇಳಿದ ಮೇಲೆ ನಮ್ಮ ಬ್ಯಾಂಕು ದರವನ್ನು ಶೇ. 1.8ಕ್ಕೆ ಇಳಿಸಿ ಮೆಷಿನ್ ಬಾಡಿಗೆಯನ್ನು ಬಿಟ್ಟುಕೊಟ್ಟಿತು. ಕೇಳದಿದ್ದವರಿಗೆ ಹಳೆಯ ದರವೇ ಮುಂದುವರಿದಿದೆ.

ಒಟ್ಟು ಸೇವೆಗೆ ಐದಕ್ಕೆ ಎರಡೂವರೆ. ಬಟ್ಟೆ, ಕನ್ನಡಕ, ಪೀಠೋಪಕರಣದಂಥ ಹೆಚ್ಚು ಮಾರ್ಜಿನ್‌ನ ವ್ಯಾಪಾರದವರು ಧಾರಾಳವಾಗಿ ತೆಗೆದುಕೊಳ್ಳಬಹುದು. ಕಿರಾಣಿ, ಮೊಬೈಲ್ ಹ್ಯಾಂಡ್‌ಸೆಟ್, ಸಿಮೆಂಟಿನಂಥ ತೆಳು ಮಾರ್ಜಿನ್‌ನವರು ಸಹಿ ಹಾಕುವ ಮೊದಲು ಕಾರ್ಡಿನ ಪ್ರತಿಯೊಂದು ಬಗೆಯ ದರವನ್ನು ಲಿಖಿತವಾಗಿ ಪಡೆಯಲಿ, ಕನಿಷ್ಠ ವಹಿವಾಟು ನಡೆಯದಿದ್ದರೆ ದಂಡವಿದೆಯೇ ಎಂದು ವಿಚಾರಿಸಲಿ. ಮೆಷಿನ್ ಹಿಂತಿರುಗಿಸುವವರು ಸ್ವೀಕೃತಿ ಪತ್ರ ತೆಗೆದುಕೊಳ್ಳುವುದನ್ನು ಮರೆಯಬಾರದು. ನಮ್ಮ ಬೀದಿಯ ಔಷಧಿ ಅಂಗಡಿಯವರ ಖಾತೆಯಿಂದ ಯಂತ್ರ ವಾಪಸಾದ ಮೇಲೂ ಹಲವು ತಿಂಗಳು ಬಾಡಿಗೆ ಕಡಿತವಾಗುತ್ತಲೇ ಇತ್ತು, ಅದು ನಿಂತದ್ದು ಆ ಪತ್ರವನ್ನು ತೋರಿಸಿದ ಮೇಲೆಯೇ.